ಮಾಸ್ತಿಗಲ್ಲೂ ಹುಡುಗರ ಪತ್ರಿಕೆಯೂ

ಕಡಯಂಪಟ್ಟಿ ಕಡೆಯಿಂದ ತೊಪ್ಪೂರು ಘಾಟಿ ಹತ್ತಿ ಧರ್ಮಪುರಿ ಸೀಮೆಗೆ ಹೋಗಿ ಬರುವವರಿಗೆ ಕಲ್ಲುಗಳ ಪರಿಚಯ ಹೇಳಬೇಕಾಗಿಲ್ಲ. ಹೊಲದ ಬದುವಿನಲ್ಲಿ, ಕೆರೆ ಏರಿಯ ಮಗ್ಗುಲಲ್ಲಿ, ಬೇವಿನ ಬುಡದಲ್ಲಿ ಅವು ನಿಂತಿವೆ. ತಮಿಳಿನಲ್ಲಿ ನಡುಗಲ್, ನಮ್ಮ ಬಾಯಲ್ಲಿ ವೀರಗಲ್ಲು. ದನ ಹೊಡೆದುಕೊಂಡು ಹೋಗಲು ಬಂದವರ ಮೇಲೆ ಬಿದ್ದು ಕಾದಾಡಿ ಸತ್ತವನು ಕೆಲವು ತಲೆಮಾರು ಕಳೆಯುವಷ್ಟರಲ್ಲಿ ವೇಡಿಯಪ್ಪನ್ ಆಗಿ, ಎಣ್ಣೆ ಅರಿಶಿನ ಹಚ್ಚಿಸಿಕೊಂಡು ದೇವರಾಗಿಬಿಟ್ಟಿರುತ್ತಾನೆ. ಇದೇ ಕುಲದ ಇನ್ನೊಂದು ಬಗೆಯ ಕಲ್ಲು ಕನ್ನಡ ನಾಡಿನುದ್ದಕ್ಕೂ ಉಂಟು. ಒಂದು ಕಂಬ, ಕಂಬದಿಂದ ಹೊರಟ ಒಂದು ತೋಳು, ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ ಕೈ, ಕೈತುಂಬ ಬಳೆ, ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಗಂಡನ ಚಿತೆ ಏರಿದವಳ ನೆನಪಿಗೆ ನಿಲ್ಲಿಸಿದ್ದು. ಮಹಾಸತಿ ಎಂಬ ಮಾತು ಸವೆದು ಮಾಸ್ತಿ, ಆ ಕಲ್ಲು ಮಾಸ್ತಿಗಲ್ಲು. ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮದ ಹೆಸರೂ ಅದೇ. ಆ ಊರಿನ ಹೆಸರು ಹೊತ್ತ ಕತೆಗಾರರ ಪುಣ್ಯದಿಂದ ಕನ್ನಡಿಗರಿಗೆ ಇವತ್ತು ಆ ಪದ ಕೇಳಿದರೆ ಬೆಂಕಿ ನೆನಪಾಗುವುದಿಲ್ಲ, ಸಣ್ಣಕತೆ ನೆನಪಾಗುತ್ತದೆ.

ವಿದ್ಯಾರ್ಥಿಗಳ ಪತ್ರಿಕೆಯೊಂದರ ಸುತ್ತ ಒಂದು ಸಂಸ್ಥೆಯ ಚರಿತ್ರೆ ಬರೆದುಕೊಡಿ ಎಂದು ಈ ಸಂಚಿಕೆಯ ಸಂಪಾದಕರು ಕೇಳಿದಾಗ ನಾನು ಮೊದಲು ಹುಡುಕಿದ್ದು ಹತ್ತಿರದಲ್ಲೇ. ನಮ್ಮ ಕಾಲೇಜು ಪತ್ರಿಕೆಗಳು ಸಾಮಾನ್ಯವಾಗಿ ಮರ್ಯಾದಸ್ಥ ಪತ್ರಿಕೆಗಳು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ ಶುರುಮಾಡಿದ ‘ಪ್ರಬುದ್ಧ ಕರ್ನಾಟಕ’ದಂಥದ್ದು ಕನ್ನಡ ಗದ್ಯವನ್ನೇ ತಿದ್ದಿತು, ಆದರೆ ಯಾರ ಮನೆಯ ನೆಮ್ಮದಿಯನ್ನೂ ಕೆಡಿಸಲಿಲ್ಲ. ನೆಮ್ಮದಿ ಕೆಡಿಸಿದ ಪತ್ರಿಕೆ ಬೇಕೆಂದರೆ ಕಲ್ಕತ್ತಕ್ಕೆ, ಅದೂ ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು. ಅಷ್ಟು ದೂರ ಹೋಗುವುದಕ್ಕೆ ಒಂದು ನೆಪವೂ ಇದೆ. ಗಂಡನ ಚಿತೆಯ ಮೇಲೆ ಹೆಂಡತಿಯನ್ನು ಸುಡುವುದು ಅಪರಾಧ ಎಂಬ 17ನೇ ರೆಗ್ಯುಲೇಷನ್ನಿಗೆ ಗವರ್ನರ್ ಜನರಲ್ ಬೆಂಟಿಂಕ್ ಬಂಗಾಳದಲ್ಲಿ ಸಹಿ ಹಾಕಿದ್ದು 1829ರ ಡಿಸೆಂಬರ್ 4ರಂದು. ಮದರಾಸು ಸರ್ಕಾರ ಅದೇ ಬಗೆಯ ಕಾನೂನು ತಂದದ್ದು 1830ರ ಫೆಬ್ರವರಿ 2ರಂದು. 1792ರಲ್ಲಿ ಟಿಪ್ಪುವಿನ ಕೈಯಿಂದ ಕಂಪನಿಯ ಕೈಗೆ ಬಂದ ನಮ್ಮ ಸೇಲಂ, ಬಾರಾಮಹಲ್ ಸೀಮೆಗೂ ಆ ಕಾನೂನೇ ಅನ್ವಯವಾಯಿತು. ಈ ಕಡೆ ಮಾಸ್ತಿಗಲ್ಲು ನಿಲ್ಲಿಸುವ ಕಾಲ ಕಾಗದದ ಮೇಲೆ ಮುಗಿದ ಅದೇ ತಿಂಗಳಲ್ಲಿ, ಕಲ್ಕತ್ತದ ಹಿಂದೂ ಕಾಲೇಜಿನ ಹುಡುಗರು ‘ಪಾರ್ಥಿನಾನ್’ ಎಂಬ ಇಂಗ್ಲಿಷ್ ವಾರಪತ್ರಿಕೆಯ ಮೊದಲ ಸಂಚಿಕೆ ತಂದರು. ಎರಡನೆಯ ಸಂಚಿಕೆ ಅಚ್ಚಾಯಿತು, ಹೊರಗೆ ಬರಲಿಲ್ಲ.

ಹಿಂದೂ ಕಾಲೇಜು ಸರ್ಕಾರ ಕಟ್ಟಿದ ಕಾಲೇಜಾಗಿರಲಿಲ್ಲ. ಊರ ದೊಡ್ಡಮನುಷ್ಯರು ಚಂದಾ ಹಾಕಿ 1817ರ ಜನವರಿ 20ರಂದು 20 ಹುಡುಗರೊಂದಿಗೆ ಶುರುಮಾಡಿದ್ದು. ಹೆಸರೇ ಹೇಳುವಂತೆ ಹಿಂದೂ ಮನೆತನಗಳ ಗಂಡುಮಕ್ಕಳಿಗಾಗಿ. ಯೋಜನೆಯ ಮಾತು ಹುಟ್ಟಿದಾಗ ಅದರೊಳಗೆ ರಾಮಮೋಹನ ರಾಯರೂ ಇದ್ದರು. ಅವರೊಂದಿಗೆ ಒಂದೇ ಸಮಿತಿಯಲ್ಲಿ ಕೂರಲು ಸಂಪ್ರದಾಯಸ್ಥರು ಒಲ್ಲೆ ಎಂದಾಗ, ಕಾಲೇಜು ಆಗುವುದು ಮುಖ್ಯ ಎಂದು ರಾಯರೇ ಹಿಂದೆ ಸರಿದರು. ಹೀಗೆ ಅಡಿಪಾಯ ಹಾಕುವ ದಿನವೇ ಪ್ರಶ್ನೆ ಕೇಳುವ ಮನುಷ್ಯನನ್ನು ಹೊರಗಿಟ್ಟ ಸಂಸ್ಥೆ ಅದು. ಇಂಗ್ಲಿಷ್ ಬೇಕಿತ್ತು, ಲೆಕ್ಕ ಬೇಕಿತ್ತು, ಕಂಪನಿಯ ನೌಕರಿ ಬೇಕಿತ್ತು. ಇಂಗ್ಲಿಷಿನ ಜೊತೆಗೆ ಲಾಕ್, ಹ್ಯೂಮ್, ಟಾಮ್ ಪೇನ್ ಕೂಡ ಒಳಗೆ ಬರುತ್ತಾರೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

1826ರಲ್ಲಿ ಹೆನ್ರಿ ಲೂಯಿ ವಿವಿಯನ್ ಡಿರೋಜಿಯೊ ಅಲ್ಲಿ ಮೇಷ್ಟ್ರಾಗಿ ಸೇರಿದ. ವಯಸ್ಸು 17. ಪೋರ್ಚುಗೀಸ್ ಬೆರಕೆಯ ಕುಟುಂಬ, ಹುಟ್ಟಿ ಬೆಳೆದದ್ದು ಕಲ್ಕತ್ತದಲ್ಲೇ. 14ಕ್ಕೇ ಶಾಲೆ ಬಿಟ್ಟು ಭಾಗಲ್ಪುರದ ನೀಲಿ ತೋಟದಲ್ಲಿ ಇದ್ದು ಬಂದವನು. ಮೇಲಿನ ತರಗತಿಯ ಹುಡುಗರಿಗೂ ಅವನಿಗೂ ವಯಸ್ಸಿನಲ್ಲಿ ಒಂದೆರಡು ವರ್ಷದ ಅಂತರ. ಪಾಠ ಮುಗಿದ ಮೇಲೂ ಹುಡುಗರು ಅವನನ್ನು ಬಿಡುತ್ತಿರಲಿಲ್ಲ. 1828ರ ಹೊತ್ತಿಗೆ ಅಕಾಡೆಮಿಕ್ ಅಸೋಸಿಯೇಷನ್ ಎಂಬ ಚರ್ಚಾಕೂಟ ಹುಟ್ಟಿತು. ಮಾಣಿಕತಲಾದಲ್ಲಿ ಶ್ರೀಕೃಷ್ಣ ಸಿಂಹ ಎಂಬ ಶ್ರೀಮಂತರ ತೋಟದ ಮನೆಯಲ್ಲಿ ಅದು ಸೇರುತ್ತಿತ್ತು. ಈ ಸಿಂಹರ ಹೆಸರು ನೆನಪಿರಲಿ, ಮುಂದೆ ಬರುತ್ತದೆ.

ಅದೇ 1828ರಲ್ಲಿ ಡಿರೋಜಿಯೊನ ‘ದಿ ಫಕೀರ್ ಆಫ್ ಜಂಗೀರಾ’ ಎಂಬ ಕಥನಕಾವ್ಯ ಅಚ್ಚಾಯಿತು. ಚಿತೆಗೆ ಏರಲಿರುವ ವಿಧವೆಯನ್ನು ಅವಳ ಹಳೆಯ ಪ್ರೇಮಿ ಬಂದು ಎತ್ತಿಕೊಂಡು ಹೋಗುವ ಕತೆ. ಕಾವ್ಯಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಅದಕ್ಕೆ ಅವನೇ ಹಾಕಿದ ಟಿಪ್ಪಣಿ. ಸುಡುವುದನ್ನು ನಿಲ್ಲಿಸಬೇಕು ಎನ್ನುವ ದಯಾಳುಗಳು ಬದುಕಿ ಉಳಿದ ವಿಧವೆಗೆ ಬಾಳುವ ದಾರಿ ಏನೆಂದು ಮೊದಲು ನೋಡಲಿ, ಎಂಬರ್ಥದ ಮಾತು ಅಲ್ಲಿದೆ. ಹತ್ತೊಂಬತ್ತು ವರ್ಷದವನ ಮಾತು. ಬಂಗಾಳ ಪ್ರಾಂತದಲ್ಲಿ 1815ರಿಂದ 1828ರವರೆಗೆ ಸರ್ಕಾರದ ಕಡತಕ್ಕೆ ಬಂದ ಸಹಗಮನಗಳು 8,134. ಸತ್ತವಳನ್ನು ನೆನೆಯುವುದಕ್ಕೆ ಕಲ್ಲುಂಟು, ಗುಡಿಯುಂಟು, ನಿಂಬೆಹಣ್ಣು ಉಂಟು. ಸಾಯದೆ ಉಳಿದು, ತಲೆ ಬೋಳಿಸಿಕೊಂಡು ಅಡಿಗೆಮನೆಯ ಮೂಲೆಯಲ್ಲಿ ನಲವತ್ತು ವರ್ಷ ಕಳೆದವಳ ಹೆಸರಿನಲ್ಲಿ ಒಂದು ಕಲ್ಲನ್ನಾದರೂ ನಮ್ಮ ಸೀಮೆಯಲ್ಲಿ ಯಾರು ನೋಡಿದ್ದಾರೆ?

ಇಲ್ಲಿ ನಮ್ಮದೇ ಒಂದು ಶಾಸನದ ಮಾತು ಹೇಳಬೇಕು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಕಲ್ಲೊಂದಿದೆ. ಚೋಳರ ಕಾಲದ್ದು. ಅರಸನ ಕೋಪಕ್ಕೆ ಸಿಕ್ಕಿ ಏಚ ತಲಕಾಡಿನಲ್ಲಿ ಕೊಲೆಯಾಗುತ್ತಾನೆ, ಸುದ್ದಿ ಕೇಳಿದ ಹೆಂಡತಿ ದೇಕಬ್ಬೆ ಬೆಂಕಿಗೆ ಬೀಳುತ್ತಾಳೆ. ಮಲ್ಲ ಎಂಬ ಕವಿ ಬರೆದದ್ದು, ಕನ್ನಡದ ಒಳ್ಳೆಯ ಶಾಸನಕಾವ್ಯಗಳಲ್ಲಿ ಒಂದು. ಅವಳ ದಾನಧರ್ಮ, ಅವಳ ದಿಟ್ಟತನ ಎಲ್ಲವನ್ನೂ ಹೊಗಳುವ ಆ ಕಲ್ಲು ಇನ್ನೊಂದನ್ನೂ ಮುಚ್ಚಿಡದೆ ಹೇಳುತ್ತದೆ. ತಂದೆ ತಾಯಿ, ಬಂಧುಬಳಗ ಬೇಡವೆಂದು ತಡೆದರು, ಕಾಲಿಗೆ ಬಿದ್ದರು. ಹೊಗಳಿಕೆಯ ಕಲ್ಲಿನೊಳಗೇ ‘ಬೇಡ’ ಎಂಬ ಮಾತಿಗೆ ಹನ್ನೊಂದನೆಯ ಶತಮಾನದ ಕವಿ ಜಾಗ ಕೊಟ್ಟಿದ್ದಾನೆ. ಕಲ್ಕತ್ತದ ಆಡಳಿತ ಮಂಡಳಿಗೆ ಅಷ್ಟು ಜಾಗ ಸಿಗಲಿಲ್ಲ.

ಅಲ್ಲಿ ಆದದ್ದು ಹೀಗೆ. ಕಾನೂನು ಬಂದ ಆರೇ ವಾರಕ್ಕೆ, 1830ರ ಜನವರಿಯಲ್ಲಿ, ಅದನ್ನು ರದ್ದುಮಾಡಬೇಕೆಂದು ಸುಮಾರು 800 ಜನ ಸಹಿ ಹಾಕಿದ ಅರ್ಜಿ ಬೆಂಟಿಂಕನಿಗೆ ಹೋಯಿತು. ಅವನು ಒಪ್ಪಲಿಲ್ಲ. ಅರ್ಜಿದಾರರು ಸೇರಿ ಧರ್ಮಸಭಾ ಕಟ್ಟಿದರು. ‘ಸಮಾಚಾರ ಚಂದ್ರಿಕಾ’ದ ಸಂಪಾದಕ ಭವಾನಿಚರಣ ಬಂದ್ಯೋಪಾಧ್ಯಾಯ ಕಾರ್ಯದರ್ಶಿ. ಮುಂಚೂಣಿಯಲ್ಲಿ ರಾಧಾಕಾಂತ ದೇವ, ರಾಮಕಮಲ ಸೇನ. ಈ ಇಬ್ಬರೂ ಹಿಂದೂ ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದರು. ಸುಡುವ ಹಕ್ಕಿಗಾಗಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಗಲು ಚಂದಾ ಎತ್ತುತ್ತಿದ್ದವರು, ಅದೇ ಕೈಯಿಂದ ಕಾಲೇಜಿನ ಮೇಷ್ಟ್ರುಗಳ ಸಂಬಳದ ಪಟ್ಟಿಗೂ ಸಹಿ ಹಾಕುತ್ತಿದ್ದರು. ಮರುತಿಂಗಳೇ ತಮ್ಮ ಕಾಲೇಜಿನ ಹುಡುಗರು ಅಚ್ಚುಮಾಡಿಸಿದ ಕಾಗದ ಅವರ ಕೈಗೆ ಬಂತು.

‘ಪಾರ್ಥಿನಾನ್’ ಏನು ಬರೆದಿತ್ತು? ಅದರ ಹಾಳೆ ಇವತ್ತು ಕಣ್ಣಿಗೆ ಬೀಳುವುದಿಲ್ಲ. ಆ ಕಾಲದ ಬೇರೆ ಪತ್ರಿಕೆಗಳ ಮಾತು, ನಂತರ ಬಂದ ಜೀವನಚರಿತ್ರೆಗಳು, ಇಷ್ಟರಿಂದಲೇ ತಿಳಿಯಬೇಕು. ಹೆಣ್ಣುಮಕ್ಕಳಿಗೆ ಓದು ಬೇಕು ಎಂದಿತ್ತು, ಕಂಪನಿಯ ಕೋರ್ಟುಗಳಲ್ಲಿ ನ್ಯಾಯ ತುಟ್ಟಿ ಎಂದಿತ್ತು, ಯೂರೋಪಿನವರು ಇಲ್ಲಿ ಬಂದು ನೆಲೆಸುವುದು ಒಳ್ಳೆಯದೆಂದಿತ್ತು (ಈ ಕೊನೆಯದನ್ನು ಇವತ್ತು ಓದಿದರೆ ಯಾರಿಗೂ ರುಚಿಸದು), ಜೊತೆಗೆ ಮೂಢನಂಬಿಕೆಗಳ ಮೇಲೆ ಒಂದಿಷ್ಟು ಚಾಟಿ. ಆಡಳಿತ ಮಂಡಳಿ ಗಾಬರಿಯಾಯಿತು. ಕಾಲೇಜಿನ ವಿಸಿಟರ್ ಹುದ್ದೆಯಲ್ಲಿದ್ದ ಹೊರೇಸ್ ಹೇಮನ್ ವಿಲ್ಸನ್ ತನ್ನ ಅಧಿಕಾರ ಬಳಸಿ ಪತ್ರಿಕೆ ನಿಲ್ಲಿಸಿದ. ವಿಲ್ಸನ್ ಅಂದರೆ ‘ಮೇಘದೂತ’ವನ್ನು ಇಂಗ್ಲಿಷಿಗೆ ತಂದವನು, ಸಂಸ್ಕೃತ ನಿಘಂಟು ಮಾಡಿದವನು. ಸಹಗಮನವನ್ನು ಅವನು ಮೆಚ್ಚಿದವನೇನಲ್ಲ, ಆದರೂ ಕಾನೂನು ತಂದು ನಿಲ್ಲಿಸಬೇಡಿ, ಜನ ಕೆರಳುತ್ತಾರೆ ಎಂದು ಸರ್ಕಾರಕ್ಕೆ ಸಲಹೆ ಕೊಟ್ಟಿದ್ದ. ಜನ ಕೆರಳುತ್ತಾರೆ ಎಂಬುದೇ ಪತ್ರಿಕೆಯ ವಿಷಯದಲ್ಲೂ ಅವನ ಕಾರಣ.

ಪತ್ರಿಕೆ ನಿಂತರೂ ಮಾತು ನಿಲ್ಲಲಿಲ್ಲ. ಹಿಂದೂ ಧರ್ಮದ ವಿಷಯವಾಗಿ ಮೇಷ್ಟ್ರುಗಳು ಹುಡುಗರೊಂದಿಗೆ ಮಾತೇ ಆಡಕೂಡದು ಎಂದು ಮಂಡಳಿ ಆಜ್ಞೆ ಹೊರಡಿಸಿತು. ಊರಲ್ಲಿ ಕತೆಗಳು ಹಬ್ಬಿದವು. ಒಬ್ಬ ಹುಡುಗನನ್ನು ಅಪ್ಪ ಕಾಳಿಘಾಟಿಗೆ ಕರೆದೊಯ್ದರೆ ಅವನು ದೇವಿಗೆ ಕೈಮುಗಿಯದೆ ‘ಗುಡ್ ಮಾರ್ನಿಂಗ್, ಮೇಡಮ್’ ಎಂದನಂತೆ. ಡಿರೋಜಿಯೊ ಅಣ್ಣತಂಗಿಯರ ಮದುವೆ ಸರಿ ಎಂದು ಕಲಿಸುತ್ತಾನಂತೆ. ವೃಂದಾವನ ಘೋಷಾಲ ಎಂಬ ಬ್ರಾಹ್ಮಣನೊಬ್ಬ ಬೆಳಿಗ್ಗೆ ಎದ್ದು ಮನೆಮನೆಗೆ ಹೋಗಿ ಇಂಥ ಸುದ್ದಿ ಹಂಚುತ್ತಿದ್ದ ಎಂದು ಡಿರೋಜಿಯೊನೇ ಬರೆದಿದ್ದಾನೆ. ಮನೆಮನೆ ಸುದ್ದಿಗಾರ ಇಲ್ಲದ ಊರು ಯಾವುದಿದೆ? ಆ ಕೆಲಸ ಈಗ ಕೈಯೊಳಗಿನ ಫೋನು ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಮರುವರ್ಷದ ಏಪ್ರಿಲ್ ಹೊತ್ತಿಗೆ ಮರ್ಯಾದಸ್ಥ ಮನೆತನಗಳ 25 ಹುಡುಗರನ್ನು ಕಾಲೇಜು ಬಿಡಿಸಿದ್ದರು.

1831ರ ಏಪ್ರಿಲ್ 23ರ ಮಂಡಳಿಯ ಸಭೆಯ ನಡವಳಿ ಉಳಿದಿದೆ. ಸಂಸ್ಥೆಗಳ ಚರಿತ್ರೆ ಬರೆಯುವವರೆಲ್ಲ ಒಮ್ಮೆ ಓದಬೇಕಾದ ಕಾಗದ ಅದು. ಮೊದಲು ಸಭೆಯ ಮುಂದಿಟ್ಟ ಪ್ರಶ್ನೆ: ಡಿರೋಜಿಯೊ ಹುಡುಗರಿಗೆ ಪಾಠ ಹೇಳಲು ಅಯೋಗ್ಯನೇ? ಹೆಚ್ಚಿನವರು ಅಯೋಗ್ಯ ಎನ್ನಲಿಲ್ಲ. ವಿಲ್ಸನ್ ಮತ್ತು ಗಡಿಯಾರದ ವ್ಯಾಪಾರ ಬಿಟ್ಟು ಶಾಲೆಗಳಿಗೆ ಬಾಳು ಕೊಟ್ಟ ಡೇವಿಡ್ ಹೇರ್ ಇಬ್ಬರೂ ಅವನು ಒಳ್ಳೆಯ ಮೇಷ್ಟ್ರು ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಆಗ ಪ್ರಶ್ನೆಯನ್ನೇ ಬದಲಿಸಿದರು: ಹಿಂದೂ ಸಮಾಜದ ಈಗಿನ ಮನಸ್ಥಿತಿಯನ್ನು ನೋಡಿದರೆ ಅವನನ್ನು ತೆಗೆಯುವುದು ಉಚಿತವೇ? ಉಚಿತ, ಅಗತ್ಯ ಎಂದು ಕೈಗಳು ಎದ್ದವು. ಹಿಂದೂಗಳ ಮನಸ್ಸಿನ ವಿಷಯದಲ್ಲಿ ತಾವು ಹೇಳುವುದು ಸರಿಯಲ್ಲ ಎಂದು ವಿಲ್ಸನ್, ಹೇರ್ ಇಬ್ಬರೂ ಮತ ಹಾಕಲಿಲ್ಲ. ಬೇಕಿಲ್ಲ ಎಂದವರು ಒಬ್ಬರೇ, ಮಾಣಿಕತಲಾದ ತೋಟದ ಮನೆಯ ಶ್ರೀಕೃಷ್ಣ ಸಿಂಹ. ತಮ್ಮ ಮನೆಯಲ್ಲಿ ಹುಡುಗರು ಆಡಿದ ಮಾತನ್ನು ಆ ಸಭೆಯಲ್ಲಿ ಹತ್ತಿರದಿಂದ ಬಲ್ಲವರು ಅವರು.

ಈ ಎರಡನೆಯ ಪ್ರಶ್ನೆಯನ್ನು ಎಷ್ಟು ಸಲ ಓದಿದರೂ ನನಗೆ ತೃಪ್ತಿಯಾಗುವುದಿಲ್ಲ. ಹೇಳಿದ್ದು ತಪ್ಪೋ ಸರಿಯೋ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಕೇಳಿದವರ ಮನಸ್ಸು ನೊಂದಿದೆಯೇ ಎಂದಷ್ಟೇ ಕೇಳಿದರು. ನೊಂದವರು ಯಾರು ಎಂದು ತೀರ್ಮಾನಿಸುವವರೂ ಅವರೇ. ಆರೋಪಿಯನ್ನು ಕರೆದು ಒಂದು ಮಾತು ಕೇಳಲಿಲ್ಲ ಎಂದು ಡಿರೋಜಿಯೊ ಏಪ್ರಿಲ್ 25ರಂದು ರಾಜೀನಾಮೆ ಬರೆದು ಕಳಿಸಿದ. ಆಮೇಲೆ ವಿಲ್ಸನ್ ಖಾಸಗಿಯಾಗಿ ಮೂರು ಪ್ರಶ್ನೆ ಕೇಳಿದ: ದೇವರನ್ನು ನಂಬುತ್ತೀಯಾ, ತಂದೆತಾಯಿಯರ ಮಾತು ಕೇಳುವುದು ಕರ್ತವ್ಯವಲ್ಲ ಎಂದು ಕಲಿಸಿದೆಯಾ, ಅಣ್ಣತಂಗಿಯರ ಮದುವೆ ಒಪ್ಪುತ್ತೀಯಾ. ಮರುದಿನದ ಉತ್ತರ ದೀರ್ಘವಾದದ್ದು. ಹ್ಯೂಮನ ಸಂಶಯವನ್ನೂ ಅದಕ್ಕೆ ಬಂದ ಉತ್ತರಗಳನ್ನೂ ಎರಡನ್ನೂ ಹುಡುಗರ ಮುಂದಿಟ್ಟೆ, ಒಂದನ್ನೇ ಇಡುವುದು ಪಾಠವಲ್ಲ ಎಂಬುದು ಅದರ ಸಾರ. ಅದೇ ವರ್ಷದ ಡಿಸೆಂಬರ್ 26ರಂದು ಕಾಲರಾ ಅವನನ್ನು ಕೊಂಡೊಯ್ದಿತು. ಸಾಯುವಾಗ 22 ವರ್ಷ.

ಮೇಷ್ಟ್ರು ಹೋದ ಮೇಲೆ ಹುಡುಗರು ಬಾಯಿ ಮುಚ್ಚಲಿಲ್ಲ. 1831ರ ಮೇ ತಿಂಗಳಲ್ಲಿ ಕೃಷ್ಣಮೋಹನ ಬ್ಯಾನರ್ಜಿ ‘ದಿ ಎನ್‌ಕ್ವೈರರ್’ ಎಂಬ ಇಂಗ್ಲಿಷ್ ಪತ್ರಿಕೆ ಶುರುಮಾಡಿದ, ವಯಸ್ಸು 18ರ ಆಸುಪಾಸು. ಜೂನ್‌ನಲ್ಲಿ ದಕ್ಷಿಣಾರಂಜನ ಮುಖರ್ಜಿಯ ‘ಜ್ಞಾನಾನ್ವೇಷಣ’ ಬಂಗಾಳಿಯಲ್ಲಿ ಬಂತು. ಎನ್‌ಕ್ವೈರರಿನ ನಾಲಗೆ ಬಹಳ ಚೂಪು. ಹುಡುಗರ ತಪ್ಪನ್ನೂ ಇಲ್ಲಿ ಬಿಡಬಾರದು. ಆಗಸ್ಟ್ 23ರಂದು ಕೃಷ್ಣಮೋಹನ ಮನೆಯಲ್ಲಿಲ್ಲದಾಗ ಗೆಳೆಯರು ಅಲ್ಲಿ ಸೇರಿ ದನದ ಮಾಂಸ ತಿಂದು, ಮೂಳೆಯನ್ನು ಪಕ್ಕದ ಬ್ರಾಹ್ಮಣರ ಮನೆಯಂಗಳಕ್ಕೆ ಎಸೆದು ಇಂಥದ್ದೆಂದು ಕೂಗಿದರು. ವಾದಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ, ಬರೀ ಪುಂಡಾಟ. ಒಂದು ವರ್ಷ ಕೂತು ಬರೆದ ವಾದವನ್ನೆಲ್ಲ ಆ ಒಂದು ಮೂಳೆ ಮುಚ್ಚಿಬಿಟ್ಟಿತು. ಬೀದಿ ಕೆರಳಿತು. ಸ್ಥಳದಲ್ಲೇ ಇಲ್ಲದ ಕೃಷ್ಣಮೋಹನನನ್ನು ಮನೆಯವರು ಹೊರಗೆ ಹಾಕಿದರು. ದಕ್ಷಿಣಾರಂಜನ ತನ್ನ ಮನೆಗೆ ಕರೆದುಕೊಂಡ, ಅಲ್ಲೂ ಬಹಳ ದಿನ ಇರಲು ಆಗಲಿಲ್ಲ. ಪತ್ರಿಕೆ ಮಾತ್ರ ನಿಲ್ಲಿಸಲಿಲ್ಲ. ಆ ವರ್ಷವೇ ‘ದಿ ಪರ್ಸಿಕ್ಯೂಟೆಡ್’ ಎಂಬ ನಾಟಕ ಬರೆದು ಅಚ್ಚು ಹಾಕಿಸಿದ. ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದ ಮೊದಲ ನಾಟಕ ಅದೇ ಎನ್ನುತ್ತಾರೆ. ನಾಟಕವಾಗಿ ಅದು ಸಪ್ಪೆ, ಆದರೆ ಮನೆ ಬಿಡಿಸಿಕೊಂಡವನ ಉರಿ ಅದರಲ್ಲಿದೆ. 1832ರ ಅಕ್ಟೋಬರಿನಲ್ಲಿ ಅವನು ಕ್ರೈಸ್ತನಾದ. ನೋಡಿ, ನಾವು ಹೇಳಿರಲಿಲ್ಲವೇ, ಎಂದು ಧರ್ಮಸಭಾದವರು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಅದೇ ವರ್ಷದ ಜುಲೈನಲ್ಲಿ ಪ್ರಿವಿ ಕೌನ್ಸಿಲ್ ಅವರ ಅರ್ಜಿಯನ್ನು ತಳ್ಳಿಹಾಕಿತ್ತು.

ಕಾಲೇಜಿನ ಮುಂದಿನ ಚರಿತ್ರೆಯನ್ನು ಚುಟುಕಾಗಿ ಹೇಳಿದರೆ ಸಾಕು. 1843ರ ಫೆಬ್ರವರಿ 8ರಂದು ಅದೇ ಕಾಲೇಜಿನ ಹಾಲ್‌ನಲ್ಲಿ ದಕ್ಷಿಣಾರಂಜನ ಕಂಪನಿಯ ಪೊಲೀಸು, ನ್ಯಾಯಾಲಯಗಳ ಮೇಲೆ ಪ್ರಬಂಧ ಓದುತ್ತಿದ್ದಾಗ ಪ್ರಾಂಶುಪಾಲ ಕ್ಯಾಪ್ಟನ್ ರಿಚರ್ಡ್‌ಸನ್ ಎದ್ದು, ಈ ಜಾಗ ರಾಜದ್ರೋಹದ ಗವಿಯಾಗಲು ಬಿಡೆ ಎಂದ. ಅಧ್ಯಕ್ಷತೆ ವಹಿಸಿದ್ದ ತಾರಾಚಾಂದ ಚಕ್ರವರ್ತಿ, ಇದು ಸಭೆಗೆ ಮಾಡಿದ ಅವಮಾನ, ಮಾತು ಹಿಂದೆ ತೆಗೆದುಕೊಳ್ಳಿ ಎಂದು ಅವನ ಬಾಯಿ ಕಟ್ಟಿದರು. 1855ರಲ್ಲಿ ಕಾಲೇಜು ಸರ್ಕಾರದ ಕೈಗೆ ಹೋಗಿ ಪ್ರೆಸಿಡೆನ್ಸಿ ಕಾಲೇಜಾಯಿತು, ಬೇರೆ ಮತದ ಹುಡುಗರಿಗೂ ಬಾಗಿಲು ತೆರೆಯಿತು. 2010ರಲ್ಲಿ ವಿಶ್ವವಿದ್ಯಾಲಯವಾಯಿತು. ಅಲ್ಲಿನ ಸಭಾಂಗಣಕ್ಕೆ ಇವತ್ತು ಡಿರೋಜಿಯೊನ ಹೆಸರು. ಪಾರ್ಕ್ ಸ್ಟ್ರೀಟಿನ ಸ್ಮಶಾನದಲ್ಲಿ ಅವನಿಗೊಂದು ಗೋರಿ ಕಟ್ಟಬೇಕೆಂದು ಸತ್ತ ಕೂಡಲೇ ಸಭೆ ಸೇರಿ ಚಂದಾ ಎತ್ತಿದ್ದರು, ಆಗ ಗೋರಿ ಮಾತ್ರ ಏಳಲಿಲ್ಲ. ಚಂದಾ ಎತ್ತಿ ಕಲ್ಲು ನಿಲ್ಲಿಸದೆ ಬಿಟ್ಟವರ ಕತೆ ನಮ್ಮ ಊರುಗಳಲ್ಲೂ ಕೇಳಿದ್ದೇವೆ.

ಇದೆಲ್ಲ ಹಳೆಯ ಕತೆ ಎಂದು ಬದಿಗಿಡುವಂತಿಲ್ಲ. 1987ರ ಸೆಪ್ಟೆಂಬರ್ 4ರಂದು ರಾಜಸ್ಥಾನದ ದೇವ್‌ರಾಲಾದಲ್ಲಿ 18 ವರ್ಷದ ಹುಡುಗಿ ಚಿತೆಯಲ್ಲಿ ಸುಟ್ಟುಹೋದ ಮೇಲೆ ಪಾರ್ಲಿಮೆಂಟು ಹೊಸ ಕಾಯಿದೆ ತಂದಿತು. ಸುಡುವುದಷ್ಟೇ ಅಲ್ಲ, ಸುಟ್ಟವಳ ಹೆಸರಲ್ಲಿ ಗುಡಿ ಕಟ್ಟುವುದು, ಉತ್ಸವ ಮಾಡುವುದು, ಹಣ ಕೂಡಿಸುವುದು, ನೆನಪನ್ನು ಹೊಗಳಿ ಉಳಿಸುವುದು ಕೂಡ ಅಪರಾಧ ಎಂದಿತು ಆ ಕಾಯಿದೆ. ಶಿಕ್ಷೆ ಒಂದರಿಂದ ಏಳು ವರ್ಷ. ಅಂದರೆ ನೆನೆಯುವ ಕ್ರಮವನ್ನೇ ಕಾನೂನು ಕಟಕಟೆಗೆ ತಂದಿತು. ನಮ್ಮ ಹೊಲದ ಬದುವಿನ ಹಳೆಯ ಕಲ್ಲುಗಳಿಗೆ ಅದರಿಂದ ಏನೂ ಆಗಿಲ್ಲ, ಆಗಬೇಕಾಗಿಯೂ ಇಲ್ಲ. ಕಲ್ಲನ್ನು ಕಿತ್ತು ಹಾಕಿ ಎಂದು ಯಾವ ಬುದ್ಧಿವಂತ ವಿದ್ಯಾರ್ಥಿಯೂ ಬರೆಯಲಾರ. ಈ ಕೈ ಯಾರದು, ಅವಳ ಹೆಸರೇನು, ಅವಳಿಗೆ ಎಷ್ಟು ವಯಸ್ಸು, ಅವಳನ್ನು ಕೇಳಿದವರು ಯಾರು ಎಂದು ಬರೆದಾನು. ಅಷ್ಟಕ್ಕೇ ಊರ ಹಿರಿಯರ ಮುಖ ಕಪ್ಪಾಗುವುದನ್ನು ಊಹಿಸಿಕೊಳ್ಳುವುದು ಕಷ್ಟವೇನಲ್ಲ.

ಹಿಂದೂ ಕಾಲೇಜಿನ ಕತೆಗೆ ಒಂದು ಬಾಲ ಉಳಿದಿದೆ. ಕಲ್ಕತ್ತ ಬಿಟ್ಟು ಆಕ್ಸ್‌ಫರ್ಡಿನಲ್ಲಿ ಸಂಸ್ಕೃತದ ಪ್ರೊಫೆಸರ್ ಆಗಿದ್ದ ವಿಲ್ಸನ್ 1854ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂದೆ ಒಂದು ಪ್ರಬಂಧ ಓದಿದ. ಸಹಗಮನಕ್ಕೆ ವೇದದಲ್ಲಿ ಆಧಾರ ಇದೆ ಎನ್ನುವುದು ನಿಜವೇ ಎಂಬುದು ವಿಷಯ. ಇಲ್ಲ, ಋಗ್ವೇದದ ಹತ್ತನೆಯ ಮಂಡಲದಲ್ಲಿ ‘ಅಗ್ರೇ’ ಎಂದಿರುವಲ್ಲಿ ‘ಅಗ್ನೇಃ’ ಎಂದು ಓದಿದ್ದರಿಂದ ಮುಂದೆ ನಡೆಯಬೇಕಾದ ಹೆಂಗಸರು ಬೆಂಕಿಗೆ ನಡೆಯುವಂತಾಯಿತು ಎಂದು ಅವನ ವಾದ. ಅವನು ಪಾರ್ಥಿನಾನ್ ನಿಲ್ಲಿಸಿ ಆಗ 24 ವರ್ಷವಾಗಿತ್ತು. ಕಲ್ಕತ್ತದಿಂದ 1858ರಲ್ಲಿ ಅದಕ್ಕೊಂದು ದೀರ್ಘ ಉತ್ತರ ಹೋಯಿತು. ವಿಲ್ಸನ್ ಹೇಳುವುದು ಸರಿಯಲ್ಲ, ಬೇರೆ ಶಾಖೆಯಲ್ಲಿ ಆಧಾರ ಉಂಟು ಎಂದು. ಬರೆದವರು ‘ಶಬ್ದಕಲ್ಪದ್ರುಮ’ದ ರಾಜಾ ರಾಧಾಕಾಂತ ದೇವ. ವಿಲ್ಸನ್ ತನ್ನ ಮರುಮಾತು ಸೇರಿಸಿದ, ಎರಡೂ ಸೊಸೈಟಿಯ ಪತ್ರಿಕೆಯಲ್ಲಿ ಒಟ್ಟಿಗೆ ಅಚ್ಚಾದವು. ಭಾಷೆ ಬಹಳ ವಿನಯದ್ದು. ಇಬ್ಬರೂ ಮುದುಕರು, ಇಬ್ಬರೂ ಪಂಡಿತರು, ಹಳೆಯ ಪರಿಚಯ ಬೇರೆ. ಯಾರ ಮನಸ್ಸೂ ನೋಯಲಿಲ್ಲ, ಯಾರೂ ರಾಜೀನಾಮೆ ಕೊಡಲಿಲ್ಲ, ಯಾರನ್ನೂ ಮನೆಯಿಂದ ಹೊರಗೆ ಹಾಕಲಿಲ್ಲ. 1830ರ ಹುಡುಗರಲ್ಲಿ ಬದುಕಿ ಉಳಿದವರು ಆ ಹೊತ್ತಿಗೆ ಐವತ್ತರ ಹತ್ತಿರ ಬಂದಿದ್ದರು.